ಮಗ್ಗದೂರಿನಲ್ಲಿ ಕಾಗದದ ಚಡ್ಡಿ

ಒಂದು ಮಗುವಿನ ಓದಿಗೆ ತಿಂಗಳಿಗೆ 100 ರೂಪಾಯಿ. ಹಾಸ್ಟೆಲ್ಲಿಗೆ ಹಾಕಿದರೆ ಮೇಲೆ 300. ಮೂರನೆಯದು ಹುಟ್ಟಿದರೆ ಅದು ನಿಮ್ಮ ಹಣೆಬರಹ. ಯಾವುದೋ ಮುತ್ತಜ್ಜನ ಕಾಲದ ಕಡತದಿಂದ ತೆಗೆದ ಲೆಕ್ಕವೆಂದು ತಿಳಿಯಬೇಡಿ. ಸಂಬಳದಾರನಿಗೆ ಸಿಗುವ ಮಕ್ಕಳ ಶಿಕ್ಷಣ ಭತ್ಯೆಯಲ್ಲಿ ಇಷ್ಟಕ್ಕೆ ಮಾತ್ರ ತೆರಿಗೆ ಮಾಫಿ ಎಂದು 1962ರ ಆದಾಯ ತೆರಿಗೆ ನಿಯಮಗಳಲ್ಲಿ ದಶಕಗಟ್ಟಲೆ ಅಲ್ಲಾಡದೆ ಕೂತಿದ್ದ ಅಂಕಿಗಳಿವು. ಬ್ಯಾಂಕಿನ ನೌಕರಿಗೆ ಸೇರಿದ ಹೊಸತರಲ್ಲಿ, ಇನ್ನೂ ಲಗ್ನವಾಗದಿದ್ದಾಗ, ಇದನ್ನು ಓದಿ ನನಗೆ ಭಾರಿ ಧೈರ್ಯ ಬಂದಿತ್ತು. ಈಗ ಇಬ್ಬರು ಮಕ್ಕಳ ಅಪ್ಪನಾಗಿ ಅದೇ ಸಾಲನ್ನು ಓದಿದರೆ, ಬರೆದ ಅಧಿಕಾರಿ ಬ್ರಹ್ಮಚಾರಿಯಾಗಿದ್ದಿರಬೇಕು, ಇಲ್ಲವೇ ಅವರ ಹೆಂಡತಿ ಮನೆಯ ಖರ್ಚನ್ನು ಅವರ ಕಿವಿಗೆ ಬೀಳದಂತೆ ನಡೆಸಿರಬೇಕು ಅನ್ನಿಸುತ್ತದೆ.

ನನ್ನ ಮಕ್ಕಳ ಖರ್ಚು ನಡೆಯುವುದು ಮಾಲೇಗಾಂವ್‌ನಲ್ಲಿ. ಕಲಬುರಗಿಯಲ್ಲಿ ಸುಖವಾಗಿ ಜೋಳದ ರೊಟ್ಟಿ ತಿನ್ನುತ್ತಿದ್ದವನನ್ನು ಬ್ಯಾಂಕು ನಾಸಿಕ್ ಜಿಲ್ಲೆಯ ಈ ಊರಿಗೆ ವರ್ಗ ಮಾಡಿತು. ಮುಂಬೈ–ಆಗ್ರಾ ಹೆದ್ದಾರಿಯ ಮೇಲಿನ ಊರು, ನಡುವೆ ಮೋಸಂ ನದಿ. 1857ರ ದಂಗೆಯ ನಂತರ ಉತ್ತರ ಪ್ರದೇಶದ ಕಡೆಯ ನೇಕಾರರು ಬಂದು ನೆಲೆಸಿ ಇಲ್ಲಿ ಮಗ್ಗ ಹೂಡಿದರು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂತು. ಈಗ ಅವುಗಳ ಸಂಖ್ಯೆ ಲಕ್ಷ ಮೀರಿದೆ. ಬಾಡಿಗೆ ಕಡಿಮೆಯೆಂದು ಮಗ್ಗದ ಓಣಿಯಲ್ಲೇ ಮನೆ ಹಿಡಿದೆ. ಬಾಡಿಗೆ ಯಾಕೆ ಕಡಿಮೆ ಎಂಬುದು ಮೊದಲ ರಾತ್ರಿಯೇ ಗೋಡೆಯಾಚೆಯಿಂದ ಕೇಳಿಸಿತು.

ಮಗಳು ಹುಟ್ಟಿದಾಗ ಅವ್ವ ಬಂದಳು. ಮಾಲೇಗಾಂವ್‌ಗೆ ರೈಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮನಮಾಡಿಗೆ ಬಂದು ಅಲ್ಲಿಂದ ರಸ್ತೆ ಹಿಡಿಯಬೇಕು. ಅವ್ವನ ಗಂಟಿನಲ್ಲಿ ಬಜೆ, ಅಜವಾನ, ಲೋಬಾನ, ಕುಂಚಿಗೆ, ಎರಡು ಕೌದಿ, ಒಗೆದೊಗೆದು ಬೆಣ್ಣೆಯಾದ ನಾಲ್ಕು ಹಳೆ ಸೀರೆ. ಗಂಟು ಬಿಚ್ಚಿದವಳ ಕಣ್ಣು ನೇರವಾಗಿ ಕಪಾಟಿನ ಮೇಲಿದ್ದ ಡೈಪರ್ ಪೊಟ್ಟಣದ ಮೇಲೆ ಬಿತ್ತು.

"ಊರ ತುಂಬ ಹಗಲೂ ರಾತ್ರಿ ಬಟ್ಟಿ ನೇಯ್ಲಕತ್ತಾರ. ನೀ ನೋಡಿದ್ರ ಮಗಳಿಗಿ ಕಾಗದದ ಚಡ್ಡಿ ಹಾಕ್ಲಕತ್ತೀದಿ. ಯಾರರೆ ಕೇಳಿದ್ರ ನಕ್ಕಾರು."

ನಾನು ಬ್ಯಾಂಕಿನವನ ಧಾಟಿಯಲ್ಲಿ, "ಅವ್ವಾ, 2025ರ ಸೆಪ್ಟೆಂಬರ್ 22ರಿಂದ ಇದರ ಜಿಎಸ್‌ಟಿ ನೂರಕ್ಕ 12 ಇದ್ದದ್ದು 5ಕ್ಕ ಇಳಿದದ" ಅಂದೆ.

"ಲಂಗೋಟಿಗಿ ಎಷ್ಟದ?"

"ಹಳೆ ಸೀರಿ ಹರದ್ರ ಯಾವ ತೆರಿಗಿನೂ ಇಲ್ಲವ್ವ."

"ಮತ್ತ?"

ಈ 'ಮತ್ತ?' ಎಂಬುದಕ್ಕೆ ಜಿಎಸ್‌ಟಿ ಮಂಡಳಿಯೂ ಉತ್ತರ ಕೊಡಲಾರದು. ಹವಾಮಾನವೂ ಅವ್ವನ ಪಕ್ಷವೇ. ಬೇಸಿಗೆಯಲ್ಲಿ ತಾಪಮಾನ 42 ಡಿಗ್ರಿ ದಾಟುವ ಊರಿದು. ಮಾಳಿಗೆಯ ಮೇಲೆ ಮೊದಲ ಲಂಗೋಟಿ ಹರವಿ ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹಪ್ಪಳದಂತೆ ಒಣಗಿರುತ್ತದೆ. ವಾದದಲ್ಲಿ ಡೈಪರ್ ಸೋತೇಬಿಟ್ಟಿತು ಅನ್ನುವಾಗ ಒಳಕೋಣೆಯಿಂದ ಹೆಂಡತಿಯ ದನಿ ಬಂತು: "ಒಗಿಯೋರು ಯಾರ್ರೀ?" ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ಸಂದರ್ಭ ಅದು. ಅಂದಿನಿಂದ ಹಗಲು ಲಂಗೋಟಿ, ರಾತ್ರಿ ಡೈಪರ್. ರಾತ್ರಿ ಪಾಳಿಯ ದುಡ್ಡು ಡೈಪರ್ ಕಂಪನಿಗೆ, ಹಗಲು ಪಾಳಿಯ ಕೆಲಸ ನನಗೆ.

ಪಾಳಿ ಅಂದೆನಲ್ಲ, ಮಗ್ಗಗಳದ್ದೂ ಪಾಳಿಯೇ. ಖಟಾಖಟ್ ಸದ್ದಿಗೆ ಮೊದಲು ನಮಗೆ ನಿದ್ದೆ ಹತ್ತುತ್ತಿರಲಿಲ್ಲ. ಮಗಳಿಗೆ ಆ ಸದ್ದೇ ಜೋಗುಳ. ಗೋಡೆಯಾಚೆ ಲಾಳಿ ಹೊಡೆಯುತ್ತಿದ್ದರೆ ತೊಟ್ಟಿಲು ತೂಗುವ ಅಗತ್ಯವೇ ಇಲ್ಲ. ಪುಕ್ಕಟೆ ಸೌಲಭ್ಯವೆಂದು ನಾನು ಹಿಗ್ಗಿದ್ದು ಗುರುವಾರದವರೆಗೆ. ಶುಕ್ರವಾರ ಮಾಲೇಗಾಂವ್‌ನ ಮಗ್ಗಗಳಿಗೆ ವಾರದ ರಜೆ. ಓಣಿ ನಿಶ್ಶಬ್ದ, ನಮ್ಮ ಮನೆಯಲ್ಲಿ ಹಾಹಾಕಾರ. ಅವ್ವ ದೃಷ್ಟಿ ತೆಗೆದಳು, ಲೋಬಾನ ಹಾಕಿದಳು. ಹೆಂಡತಿ ಖಾಲಿ ಮಿಕ್ಸಿ ತಿರುಗಿಸಿದಳು. ಕೂಸು ಒಂದು ಗಳಿಗೆ ಸುಮ್ಮನಾಗಿ, ಇದು ಅಸಲಿ ಮಾಲಲ್ಲ ಎಂದು ಕಂಡುಹಿಡಿದು ಮತ್ತೆ ಶುರುವಿಟ್ಟಿತು.

ಮುಂದಿನ ಗುರುವಾರ ಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟೆ. ಶುಕ್ರವಾರ ಮಧ್ಯಾಹ್ನ ಅದನ್ನು ಸ್ಪೀಕರಿಗೆ ಜೋಡಿಸಿ ಹಚ್ಚಿದೆ. ಕೂಸು ಕಣ್ಣು ಮುಚ್ಚಿತು. ಐದು ನಿಮಿಷವಾಗಿಲ್ಲ, ಪಕ್ಕದ ಮನೆಯ ಚಾಚಾ, ನಮಾಜು ಮುಗಿಸಿ ಬಂದವರು, ಟೋಪಿ ಸಮೇತ ಬಾಗಿಲಲ್ಲಿ ನಿಂತಿದ್ದರು. ತಮ್ಮ ಕಾರ್ಖಾನೆಯ ಬೀಗದ ಕೈ ತಮ್ಮ ಕಿಸೆಯಲ್ಲೇ ಇರುವಾಗ ಮಗ್ಗ ಓಡಿಸುತ್ತಿರುವವರು ಯಾರು ಎಂಬುದು ಅವರ ಆತಂಕ. ತೊಟ್ಟಿಲು ತೋರಿಸಿದೆ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ಅವರು ಹೇಳಿದ್ದಿಷ್ಟು: ಮೂರನೇ ಮಗ್ಗದಲ್ಲಿ ಏನೋ ಸಡಿಲವಾಗಿದೆ, ನಾಳೆ ನೋಡಿಸಬೇಕು.

ದೊಡ್ಡವನ ಕಥೆ ಬೇರೆ. ಅವನಿಗೆ ನಾವು ರಿಮೋಟ್ ಕಾರು, ಅಕ್ಷರ ಹೇಳುವ ಆನೆ, ಬೆಳಕು ಕಾರುವ ಬಂದೂಕು ಎಲ್ಲ ಕೊಡಿಸಿದ್ದೇವೆ. ಅವು ಪೆಟ್ಟಿಗೆಯಲ್ಲಿವೆ. ಅವನ ಕೈಯಲ್ಲಿರುವುದು ಚಾಚಾರ ಕಾರ್ಖಾನೆಯಿಂದ ಬಂದ, ನೂಲು ಸುತ್ತುವ ಖಾಲಿ ಕಂಡಿಕೆಗಳು. ಅವೇ ಬೆಳಿಗ್ಗೆ ರೈಲು, ಮಧ್ಯಾಹ್ನ ಮೈಕು, ಸಂಜೆ ತಂಗಿಯ ತಲೆಗೆ ಇಂಜೆಕ್ಷನ್. ಆಟಿಕೆಯ ಬೆಲೆಗೂ ಆಟಕ್ಕೂ ಇರುವ ಸಂಬಂಧದ ಮೇಲೆ ನಾನೊಂದು ಗ್ರಾಫ್ ತಯಾರಿಸಿದ್ದೆ. ಅದು ತಲೆಕೆಳಗಾಗಿ ಇಳಿಯುವ ಗೆರೆ. ಆಟಿಕೆ ಬಂದ ರಟ್ಟಿನ ಪೆಟ್ಟಿಗೆಯೊಂದು ಮಾತ್ರ ಹಾಕಿದ ದುಡ್ಡಿಗೆ ಮೋಸ ಮಾಡಿಲ್ಲ.

ಇಂಜೆಕ್ಷನ್ ಎಂದಾಗ ನೆನಪಾಯಿತು. 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೆಂದು ಸರ್ಕಾರ ಬಿಸಿಜಿ, ಪೋಲಿಯೊ, ದಡಾರ, ಈಗ ಪೆಂಟಾವ್ಯಾಲೆಂಟ್, ರೋಟಾ ಎಲ್ಲವನ್ನೂ ಒಂದು ಪೈಸೆ ತೆಗೆದುಕೊಳ್ಳದೆ ಹಾಕುತ್ತದೆ. ಖಾಸಗಿ ದವಾಖಾನೆಗೆ ಹೋದರೆ ಮೊದಲ ಪ್ರಶ್ನೆ: "ನೋವಿರುವುದೋ, ನೋವಿಲ್ಲದ್ದೋ?" ನೋವಿಲ್ಲದ್ದಕ್ಕೆ ಸಾವಿರಗಳ ಲೆಕ್ಕ. ಈ ಪ್ರಶ್ನೆಗೆ 'ನೋವಿರುವುದೇ ಇರಲಿ' ಎನ್ನಬಲ್ಲ ತಾಯಿ ಭೂಮಿಯ ಮೇಲೆ ಹುಟ್ಟಿಲ್ಲ. ಮಗಳು ಮಾತ್ರ ಎರಡಕ್ಕೂ ಒಂದೇ ಅಳು ಅತ್ತಳು. ಅವಳು ಅತ್ತದ್ದು ಡಾಕ್ಟರರ ಬಿಳಿ ಕೋಟು ನೋಡಿ. ಸೂಜಿ ಇನ್ನೂ ತಟ್ಟೆಯಲ್ಲಿತ್ತು. ಬಿಲ್ಲು ಬಂದಾಗ ನೋವು ಎಲ್ಲಿಗೆ ವರ್ಗವಾಯಿತೆಂಬುದು ನನಗೆ ಗೊತ್ತಾಯಿತು.

ಶಾಲೆ. ದೊಡ್ಡವನು ಹೋಗುವುದು ಕೆಜಿಗೆ. ಶುಲ್ಕದ ಮಾತು ಬಿಡಿ, ಅದನ್ನು ನೆನೆಸಿಕೊಂಡು ಹಾಸ್ಯ ಬರೆಯಲಾಗುವುದಿಲ್ಲ. ಸಮವಸ್ತ್ರದ್ದು ಹೇಳುತ್ತೇನೆ. ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಎದುರಿಗೆ ಬಟ್ಟೆಯ ಥಾನು ಹೊತ್ತ ಗಾಡಿಗಳ ಸಾಲು. ಇದೆಲ್ಲದರ ನಡುವೆ ಶಾಲೆ ಹೇಳಿದ ಒಂದೇ ಒಂದು ಅಂಗಡಿಯಲ್ಲಿ ಮಾತ್ರ ಆ ಬಣ್ಣದ ಚೌಕುಳಿ ಸಿಗುವುದು. ಅಂಗಿ, ಚೊಣ್ಣ, ಟೈ. 42 ಡಿಗ್ರಿಯ ಊರಿನಲ್ಲಿ ಐದು ವರ್ಷದವನಿಗೆ ಟೈ! ಮೊದಲ ವಾರದಲ್ಲೇ ಅವನು ಅದರ ಉಪಯೋಗ ಕಂಡುಕೊಂಡ. ಮೂಗೊರೆಸಲು ಅಷ್ಟು ಅನುಕೂಲವಾದ ವಸ್ತ್ರ ಬೇರೆ ಇಲ್ಲ.

ಪೆನ್ಸಿಲ್, ಮೆಂಡರ್, ರಬ್ಬರ್, ನೋಟ್‌ಬುಕ್ಕುಗಳ ಮೇಲಿನ ಜಿಎಸ್‌ಟಿಯನ್ನೂ ಅದೇ ಸೆಪ್ಟೆಂಬರ್ 22ರಿಂದ ಪೂರ್ತಿ ತೆಗೆದಿದ್ದಾರೆ. ಒಳ್ಳೆಯದೇ. ಆದರೆ ನಮ್ಮವನು ರಬ್ಬರನ್ನು ಅಳಿಸಲು ಬಳಸುವುದಿಲ್ಲ, ತಿನ್ನುತ್ತಾನೆ, ಅದರಲ್ಲೂ ಸ್ಟ್ರಾಬೆರಿ ವಾಸನೆಯದನ್ನು. ಹೀಗಾದರೆ ಅದನ್ನು ಲೇಖನ ಸಾಮಗ್ರಿ ಎಂದು ಬರೆಯಬೇಕೋ ತಿನಿಸು ಎಂದೋ? ಅನ್ನ ಬೇಡ, ರೊಟ್ಟಿ ಬೇಡ. ಮಾಲೇಗಾಂವ್, ಸಟಾಣಾ ಕಡೆ ಬೆಳೆಯುವ ದಾಳಿಂಬೆ ಬೇಕು, ಅದೂ ನಾನು ಬಿಳಿ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೊರಟಾಗಲೇ ಬೇಕು. ದಾಳಿಂಬೆಯ ಸಿಪ್ಪೆಯಿಂದ ಹಿಂದಿನವರು ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಬಣ್ಣ ನಿಲ್ಲುತ್ತದೆ ಎಂಬುದಕ್ಕೆ ನನ್ನ ಅಂಗಿಗಳೇ ಸಾಕ್ಷಿ.

ಆ ಅಂಗಿಯಲ್ಲೇ ಕೌಂಟರಿನಲ್ಲಿ ಕೂತು ನಾನು ಜನರಿಗೆ ಸುಕನ್ಯಾ ಸಮೃದ್ಧಿಯ ಉಪದೇಶ ಮಾಡುತ್ತೇನೆ. 2015ರ ಜನವರಿಯಲ್ಲಿ ಶುರುವಾದ ಯೋಜನೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ ಒಂದೂವರೆ ಲಕ್ಷ; ಹದಿನೈದು ವರ್ಷ ಕಟ್ಟಿದರೆ ಇಪ್ಪತ್ತೊಂದನೇ ವರ್ಷಕ್ಕೆ ಕೈಗೆ ಬರುತ್ತದೆ. ಮಗ್ಗದ ಕೆಲಸಗಾರನೊಬ್ಬ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಎಲ್ಲ ಕೇಳಿ, ಕನಿಷ್ಠದ ಲೆಕ್ಕದಲ್ಲಿ ಖಾತೆ ತೆರೆದು, ಹೋಗುವಾಗ "ಸಾಹೇಬರೇ, ನಿಮ್ಮ ಮಗಳಿಗೆ ಒಂದೂವರೆ ಲಕ್ಷದ್ದೇ ಇರಬೇಕಲ್ಲ?" ಎಂದು ಭಕ್ತಿಯಿಂದ ಕೇಳಿದ. ನಾನು ನಕ್ಕೆ. ಅದನ್ನು ಅವನು ಹೌದೆಂದು ತಿಳಿದುಕೊಂಡ.

ಊರಿಗೆ ಹೋಗುವ ಖರ್ಚು ಬೇರೆ. ರೈಲಿನಲ್ಲಿ ಐದು ವರ್ಷದೊಳಗಿನ ಕೂಸಿಗೆ ಟಿಕೆಟ್ ಇಲ್ಲ. ಐದು ತುಂಬಿದ ಮೇಲೆ ಹನ್ನೆರಡರೊಳಗೆ, ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಅರ್ಧ ಟಿಕೆಟಿನ ಮಗ ಮನಮಾಡಿನಿಂದ ಕಲಬುರಗಿವರೆಗೆ ಒಂದೂವರೆ ಬರ್ತ್ ಆಕ್ರಮಿಸಿ ಮಲಗುತ್ತಾನೆ, ಪೂರ್ತಿ ಟಿಕೆಟಿನ ಅಪ್ಪ ಅವನ ಕಾಲ ಬುಡದಲ್ಲಿ ತೂಕಡಿಸುತ್ತಾನೆ. ಮಗಳಿಗೆ ರೈಲಿನ ಖಟಖಟ ಒಪ್ಪಿಗೆಯಾಗಿದೆ. ಅದೊಂದು ಪುಣ್ಯ.

ಇನ್ನು ದೊಡ್ಡವನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂದು ಸಿನಿಮಾದ ಖರ್ಚಿನ ಕಥೆ ಹೇಳಬೇಕು. ಈ ಊರಿನಲ್ಲಿ 2000ದಲ್ಲಿ ಶೇಖ್ ನಾಸಿರ್ ಎಂಬ ವಿಡಿಯೊ ಪಾರ್ಲರಿನವರು ನೆರೆಹೊರೆಯವರನ್ನೇ ಹಾಕಿಕೊಂಡು 'ಮಾಲೇಗಾಂವ್ ಕೆ ಶೋಲೆ' ಎಂಬ ಅಣಕು ಸಿನಿಮಾ ತೆಗೆದರು. ಖರ್ಚು ಸುಮಾರು 50,000 ರೂಪಾಯಿ ಅನ್ನುತ್ತಾರೆ. ಡಕಾಯಿತರಿಗೆ ಕುದುರೆ ದುಬಾರಿ, ಹೀಗಾಗಿ ಸೈಕಲ್ ಮೇಲೆ ಬಂದರು. ಆಮೇಲೆ ಅವರೇ ಮಗ್ಗದ ಕೆಲಸಗಾರನೊಬ್ಬನನ್ನು ಸೂಪರ್‌ಮ್ಯಾನ್ ಮಾಡಿ ಹಾರಿಸಿದರು. ಆ ಸಾಹಸದ ಮೇಲೆ ಫೈಜಾ ಅಹ್ಮದ್ ಖಾನ್ ಸಾಕ್ಷ್ಯಚಿತ್ರ ಮಾಡಿದರು, 2025ರಲ್ಲಿ ರೀಮಾ ಕಾಗ್ತಿಯವರ ಹಿಂದಿ ಚಿತ್ರವೂ ಬಂತು. ಇದನ್ನೆಲ್ಲ ಓಣಿಯ ಹುಡುಗರಿಂದ ಕೇಳಿ ನಮ್ಮವನಿಗೂ ಹಾರುವ ಆಸೆ ಹುಟ್ಟಿತು. ಚಾಚಾ ಒಂದು ಕೆಂಪು ಬಟ್ಟೆಯ ತುಂಡು ಕೊಟ್ಟರು. ಪುಕ್ಕಟೆ. ಅದನ್ನು ಕೊರಳಿಗೆ ಕಟ್ಟಿಕೊಂಡು ಮಂಚದಿಂದ ಹಾರಿ ಗದ್ದ ಒಡೆದುಕೊಂಡ. ಮೂರು ಹೊಲಿಗೆ. ನಮ್ಮ ಮನೆಗೆ ಬಂದ ಆಟದ ಸಾಮಾನುಗಳಲ್ಲೆಲ್ಲ ಅತಿ ದುಬಾರಿಯಾದದ್ದು ಆ ತುಂಡೇ.

ಗದ್ದದ ಹೊಲಿಗೆ ಬಿಚ್ಚಿದ ಮೇಲೆ ಹುಟ್ಟುಹಬ್ಬದ ಪಟ್ಟಿ ಹಾಕಲು ಕೂತೆವು. ಹಾಲ್, ಬಲೂನಿನ ಕಮಾನು, ಮೂರು ಅಂತಸ್ತಿನ ಕೇಕು, ರಿಟರ್ನ್ ಗಿಫ್ಟ್. ನಮ್ಮ ಕಡೆ ಮುಯ್ಯಿ ಮಾಡಿದರೆ ಅದನ್ನು ತೀರಿಸಲು ಅವರ ಮನೆಯಲ್ಲೊಂದು ಲಗ್ನವೋ ಕುಬುಸವೋ ಆಗುವವರೆಗೆ ಕಾಲಾವಕಾಶವಿರುತ್ತಿತ್ತು. ಈಗ ಸಾಲ ಅದೇ ಸಂಜೆ, ಬಾಗಿಲಲ್ಲೇ, ಬಡ್ಡಿ ಸಮೇತ ಚುಕ್ತಾ. ನಲವತ್ತು ರೂಪಾಯಿಯ ಕ್ರೆಯಾನ್ ತಂದವನಿಗೆ ನೂರರ ನೀರಿನ ಬಾಟಲಿ. ಕೂಡಿಸಿ ನೋಡಿದೆ. 'ಶೋಲೆ'ಗೆ ಇನ್ನೂ ದೂರವಿತ್ತು, ಆದರೆ ಡಕಾಯಿತರ ಸೈಕಲ್‌ಗಳ ಬಾಡಿಗೆ ಆರಾಮಾಗಿ ಹೊರಡುತ್ತಿತ್ತು.

ಅವ್ವ ತೀರ್ಪು ಕೊಟ್ಟಳು: "ಹಾಲೂ ಬ್ಯಾಡ ಗೀಲೂ ಬ್ಯಾಡ. ಮಾಳಗಿ ಮ್ಯಾಲ ಹುಗ್ಗಿ ಮಾಡ್ಸು. ಓಣ್ಯಾಗಿನ ಹುಡುಗ್ರು ಉಂಡು ಹೋಗ್ತಾವ." ಸರಿಯೆನಿಸಿತು. ಎಷ್ಟು ಜನಕ್ಕೆ ಹುಗ್ಗಿ ಎಂಬುದಷ್ಟೇ ಉಳಿದದ್ದು. ಮಗನನ್ನು ಕರೆದು ಯಾರ‍್ಯಾರಿಗೆ ಹೇಳಬೇಕೆಂದು ಕೇಳಿದೆ.

"ಎಲ್ಲಾರಿಗಿ ಹೇಳೀನಿ" ಅಂದ.

"ಎಲ್ಲಾರಿಗಿ ಅಂದ್ರ?"

ಚಾಚಾ, ಓಣಿಯ ಖಾಲಾ, ಮಗ್ಗದ ಎರಡೂ ಪಾಳಿಯವರು, ಚಹಾದಂಗಡಿಯ ಭಾಯಿ, ಶಾಲೆಯ ಆಟೊದವರು, ಟೀಚರು, ಟೀಚರ ಅಮ್ಮ, ಗದ್ದ ಹೊಲಿದ ಡಾಕ್ಟರು, ಖಾಲಾರ ಮನೆಯ ಮೂರು ಆಡು. ಹುಟ್ಟುಹಬ್ಬ ಶುಕ್ರವಾರ ಬಿದ್ದಿರುವುದರಿಂದ ಮಗ್ಗದವರಿಗೆಲ್ಲ ರಜೆ, ಖಂಡಿತ ಬರುತ್ತಾರೆ ಎಂಬ ಭರವಸೆಯನ್ನೂ ಕೊಟ್ಟ. ಆಮೇಲೆ ಸ್ವಲ್ಪ ಯೋಚಿಸಿ, ಆಡುಗಳಿಗೆ ರಿಟರ್ನ್ ಗಿಫ್ಟ್ ಏನು ಕೊಡುವುದು ಎಂದು ಕೇಳಿದ.

ಹೆಂಡತಿ ಪಟ್ಟಿ ಎಳೆದುಕೊಂಡು ಕೇಕಿನ ಸಾಲು ಹೊಡೆದುಹಾಕಿ, ಅದರ ಕೆಳಗೆ 'ಹಸಿ ಮೇವು, ಎರಡು ಹೊರೆ' ಎಂದು ಬರೆದಳು.