ಎಂಟು ಚೌಕದ ಕಾಲಂ ಸಾಹೇಬರೊಂದಿಗೆ

ಚಿಕ್ಕಪ್ಪನ ಎಫ್‌ಡಿಯೊಂದು ಮೆಚ್ಯೂರ್ ಆಗಿತ್ತು. ಆ ದುಡ್ಡನ್ನು ಮತ್ತೆ ಎಲ್ಲಿಡುವುದು ಎಂದು ವಿಚಾರಿಸಲು ಮೈಸೂರಿನ ಒಂದು ಬ್ಯಾಂಕಿಗೆ ಹೋಗಿದ್ದೆವು. ಮ್ಯಾನೇಜರು ಅವರನ್ನು ಗಾಜಿನ ಕೋಣೆಗೆ ಕರೆದು, ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿದರು. ನನ್ನ ಹೆಸರಿನಲ್ಲಿ ಠೇವಣಿ ಇಲ್ಲದ್ದರಿಂದ ನನಗೆ ಕಾಫಿಯೂ ಇಲ್ಲ. ಹೊರಗಿನ ಬೆಂಚಿನಲ್ಲಿ ಎರಡು ಫಾರಂ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದು ಬ್ಯಾಂಕಿನದು, ಇನ್ನೊಂದು ಹಿಂದಿನ ದಿನ ಆರೋಗ್ಯ ವಿಮೆಯ ಕಚೇರಿಯಲ್ಲಿ ಕೊಟ್ಟದ್ದು. ಎರಡರಲ್ಲೂ ಹೆಸರಿನ ಕೆಳಗೆ ಅದೇ ಎಂಟು ಚೌಕ. ದಿನಕ್ಕೆ ಎರಡು, ತಿಂಗಳಿಗೆ ಎರಡು, ಇಸವಿಗೆ ನಾಲ್ಕು. ಪೆನ್ನು ಎತ್ತುವಷ್ಟರಲ್ಲಿ ಕೌಂಟರಿನಿಂದ ‘ಸರ್ವರ್ ಡೌನ್’ ಎಂಬ ದನಿ ಕೇಳಿಸಿತು. ಆ ಬಿಡುವಿನಲ್ಲಿ ಜನ್ಮ ದಿನಾಂಕದ ಕಾಲಂ ಮಾತಿಗೆ ಸಿಕ್ಕಿತು.

ನಮಸ್ಕಾರ. ತಮ್ಮ ಪರಿಚಯ?

ಹೆಸರು ಕಾಲಂ. ಸೊನ್ನೆ ತೆಗೆದರೆ ಕಾಲ. ಅದಕ್ಕೇ ಜನ ನನ್ನನ್ನು ಯಮನ ಆಫೀಸಿನವನು ಅಂದುಕೊಳ್ಳುತ್ತಾರೆ. ಅಷ್ಟು ದೊಡ್ಡ ಹುದ್ದೆ ನನಗಿಲ್ಲ, ನಾನು ಬರೀ ಚೌಕ. ಒಂದನೇ ಕ್ಲಾಸಿಗೆ ಸೇರುವಾಗ ಗಂಟು ಬೀಳುತ್ತೇನೆ, ಆಮೇಲೆ ಬಿಡುವುದಿಲ್ಲ.

ನಿಮ್ಮೊಳಗೆ ಬರೆದದ್ದೆಲ್ಲ ನಿಜವೇ?

ನಿಮ್ಮ ಕಡೆಯ ಅರವತ್ತು ದಾಟಿದವರ ಫಾರಂಗಳನ್ನು ಒಟ್ಟು ಹಾಕಿ ನೋಡಿ. ಜೂನ್ ಒಂದರಂದು ಹುಟ್ಟಿದವರು ಎಷ್ಟು ಮಂದಿ ಸಿಗುತ್ತಾರೆ! ಊರಿನ ತಾಯಂದಿರೆಲ್ಲ ಶಾಲೆ ಬಾಗಿಲು ತೆರೆಯುವ ದಿನ ನೋಡಿಕೊಂಡು ಹೆತ್ತರೇ? ಹೆತ್ತದ್ದು ಅವರು, ಹುಟ್ಟಿಸಿದ್ದು ಹೆಡ್‌ಮೇಷ್ಟ್ರು. ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ವಯಸ್ಸಾಗಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಅಪ್ಪ ‘ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಸ್ವಾಮಿ’ ಎಂದರೆ ಮೇಷ್ಟ್ರು ಬೆರಳಲ್ಲೇ ಕೂಡಿ ಕಳೆದು ನನ್ನನ್ನು ತುಂಬುತ್ತಿದ್ದರು. ಆ ಕಿವಿ ಲೆಕ್ಕದ ಮೇಲೆ ಇವತ್ತು ವಿಮಾ ಕಂಪನಿಯವರು ಕಂಪ್ಯೂಟರಿನಲ್ಲಿ ಪ್ರೀಮಿಯಂ ಕಟ್ಟುತ್ತಾರೆ, ಪೈಸೆ ಪೈಸೆಗೂ ಲೆಕ್ಕ ಹಿಡಿದು.

ನಮ್ಮ ಚಿಕ್ಕಪ್ಪನದು?

1-6-1957. ನಿಮ್ಮ ಅಜ್ಜಿಯ ಲೆಕ್ಕದಲ್ಲಿ ಐವತ್ತೈದು. ನಡುವಿನ ಎರಡು ವರ್ಷ ಮೇಷ್ಟ್ರ ಕೊಡುಗೆ. ಅದಕ್ಕಿಂತ ಒಳ್ಳೆಯ ಹೂಡಿಕೆಯನ್ನು ನಿಮ್ಮ ಮನೆತನದಲ್ಲಿ ಯಾರೂ ಮಾಡಿಲ್ಲ. ಬಂಡವಾಳ ಒಂದು ಚಿಪ್ಪು ಬಾಳೆಹಣ್ಣು. ಲಾಭ ಕಾರ್ಖಾನೆಯಲ್ಲಿ ಎರಡು ವರ್ಷದ ಹೆಚ್ಚುವರಿ ಸಂಬಳ, ಅದೂ ಸರ್ವೀಸಿನ ಕೊನೆಯ ದಪ್ಪ ಸಂಬಳ. ಈಗ ಅದಕ್ಕೆ ಎಕ್ಸಿಟ್ ಲೋಡ್ ಕಟ್ಟುತ್ತಿದ್ದಾರೆ, ಅಷ್ಟೆ.

ಅದೇನದು?

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ ಎಂದು ಸಾರಿತು. ಬಡವ ಬಲ್ಲಿದ ಎಂಬ ಭೇದವಿಲ್ಲ, ಹಳೆಯ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ಆಧಾರ್ ಕಾರ್ಡಿನಲ್ಲಿ ಎಪ್ಪತ್ತು ಆಗಿರಬೇಕು. ನಿಮ್ಮ ಚಿಕ್ಕಪ್ಪನ ಮಂಡಿಗೆ, ಸಕ್ಕರೆ ಕಾಯಿಲೆಗೆ, ಅಜ್ಜಿಯ ನೆನಪಿಗೆ ಎಪ್ಪತ್ತಾಗಿದೆ. ಆಧಾರಕ್ಕೆ ಮಾತ್ರ ಇನ್ನೂ ಅರವತ್ತೆಂಟು.

(ಹಿಂದಿನ ದಿನ ಅದೇ ಎರಡು ವರ್ಷದ ಗೋಡೆಯನ್ನು ಮುಟ್ಟಿ ನೋಡಿಯೇ ನಾವು ಖಾಸಗಿ ವಿಮೆಯ ಬಾಗಿಲಿಗೆ ಹೋಗಿದ್ದೆವು.)

ನೀವು ಇಲ್ಲೂ ಇದ್ದೀರಿ, ಅಲ್ಲೂ ಇದ್ದೀರಿ. ವ್ಯತ್ಯಾಸ ಏನು ಕಂಡಿರಿ?

ಸಂಖ್ಯೆ ಒಂದೇ, ವ್ಯಾಕರಣ ಬೇರೆ. ಬ್ಯಾಂಕಿನಲ್ಲಿ ಅರವತ್ತು ದಾಟಿದವನು ಮಧ್ಯಮ ಪುರುಷ: ‘ತಾವು ಕೂತ್ಕೊಳ್ಳಿ ಸಾರ್, ತಮಗೆ ಅರ್ಧ ಪರ್ಸೆಂಟ್ ಜಾಸ್ತಿ.’ ಆಸ್ಪತ್ರೆಯ ಹೊಸ್ತಿಲು ದಾಟಿದ ಕೂಡಲೇ ಅವನು ಪ್ರಥಮ ಪುರುಷ. ಡಾಕ್ಟರು ಜೊತೆಗೆ ಬಂದ ಮಗನ ಮುಖ ನೋಡಿಕೊಂಡು ಕೇಳುತ್ತಾರೆ: ‘ಇವರು ಊಟ ಸರಿಯಾಗಿ ಮಾಡ್ತಾರಾ? ಇವರಿಗೆ ಮೋಷನ್ ಆಗುತ್ತಾ?’ ಅವರೆದುರಿಗೇ ಕೂತ ಮನುಷ್ಯ, ಕಿವಿ ನೆಟ್ಟಗಿರುವ, ನಲವತ್ತು ವರ್ಷ ಲೆಕ್ಕಪತ್ರ ಬರೆದ ಮನುಷ್ಯ, ತನ್ನ ಮಲವಿಸರ್ಜನೆಯ ವರದಿಯನ್ನು ಮಗನ ಬಾಯಲ್ಲಿ ಕೇಳಿಸಿಕೊಳ್ಳಬೇಕು. ವಾರ್ಡಿಗೆ ಹೋದರೆ ಬಹುವಚನವೂ ಹೋಯಿತು: ‘ಏನ್ ತಾತ, ಬಾಯಿ ತೆಗಿ.’ ಅರವತ್ತಕ್ಕೆ ಅರಳು ಮರಳು ಎನ್ನುತ್ತೀರಲ್ಲ, ಅರಳು ಬ್ಯಾಂಕಿನಲ್ಲಿ ಹಂಚುತ್ತಾರೆ, ಮರಳು ಆಸ್ಪತ್ರೆಯಲ್ಲಿ.

ಇದು ನಮ್ಮ ದೇಶದ ಕಥೆ ಮಾತ್ರವೇ?

ನನಗೆ ಎಲ್ಲ ದೇಶಗಳಲ್ಲೂ ಕೆಲಸ ಇದೆ. ಅಮೆರಿಕದಲ್ಲಿ ರಾಬರ್ಟ್ ಬಟ್ಲರ್ ಎಂಬ ವೈದ್ಯರು 1969ರಲ್ಲೇ ಈ ರೋಗಕ್ಕೆ ‘ಏಜಿಸಂ’ ಎಂದು ಹೆಸರಿಟ್ಟರು. ಜನಾಂಗ ನೋಡಿ, ಲಿಂಗ ನೋಡಿ ಮಾಡುವ ತಾರತಮ್ಯದಂತೆಯೇ ಇದೂ ಒಂದು ಎಂದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯಲ್ಲಿ 149 ಅಧ್ಯಯನಗಳ ಲೆಕ್ಕ ಇದೆ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವಯಸ್ಸು ನೋಡಿ ತೀರ್ಮಾನಿಸಿದ್ದು ಅವುಗಳಲ್ಲಿ ಶೇ 85ರಷ್ಟರಲ್ಲಿ ಕಂಡುಬಂತು. 2020ರ ಮಾರ್ಚ್‌ನಲ್ಲಿ ಇಟಲಿಯ ಅರಿವಳಿಕೆ ತಜ್ಞರ ಸಂಘ ಐಸಿಯು ಪ್ರವೇಶಕ್ಕೆ ವಯೋಮಿತಿ ಹಾಕಬೇಕಾಗಿ ಬರಬಹುದೆಂದು ಬರೆದಾಗ ಜಗತ್ತು ಬೆಚ್ಚಿಬಿತ್ತು. ನಾನು ಬೆಚ್ಚಲಿಲ್ಲ. ಅವರು ಕಾಗದದ ಮೇಲೆ ಬರೆದರು, ಉಳಿದವರು ಬರೆಯುವುದಿಲ್ಲ. ‘ವಯಸ್ಸಾಯ್ತಲ್ಲ, ಇನ್ನೇನು’ ಅಂದರೆ ಸಾಕು, ಯಾವ ಫೈಲಿನಲ್ಲೂ ಉಳಿಯುವುದಿಲ್ಲ. ಅತಿ ಹೆಚ್ಚು ಮಾತ್ರೆ ನುಂಗುವವರು ಮುದುಕರು. ಆ ಮಾತ್ರೆಯನ್ನು ಪರೀಕ್ಷೆಗೆ ಒಡ್ಡುವಾಗ ಎಷ್ಟೋ ಸಲ ಮೊದಲು ಹೊರಗಿಡುವುದೂ ಅವರನ್ನೇ. ಅಡುಗೆಯ ಉಪ್ಪನ್ನು ಮೊಮ್ಮಗನ ನಾಲಿಗೆಯಲ್ಲಿ ನೋಡಿ ಅಜ್ಜನಿಗೆ ಬಡಿಸಿದ ಹಾಗೆ.

ಆದರೆ ವಯಸ್ಸಾದವರಿಗೆ ಖರ್ಚು ಹೆಚ್ಚು ಎಂಬುದು ಸುಳ್ಳಲ್ಲವಲ್ಲ?

ಸುಳ್ಳು ಎಂದು ನಾನು ಹೇಳಿದೆನೇ? ವಿಮೆಯವರ ಲೆಕ್ಕ ಲೆಕ್ಕವೇ. ‘ಚಿಕ್ಕ ವಯಸ್ಸಿನಲ್ಲೇ ತಗೊಂಡಿದ್ದರೆ ಇವತ್ತು ಈ ಪಾಡಿರಲಿಲ್ಲ ಸಾರ್’ ಎಂದು ನಿನ್ನೆ ಆ ಹುಡುಗಿ ಹೇಳಿದಾಗ ಮಾತ್ರ ನನಗೆ ನಗು ಬಂತು. ಈ ದೇಶದಲ್ಲಿ ಮೆಡಿಕ್ಲೈಮ್ ಶುರುವಾದದ್ದೇ 1986ರಲ್ಲಿ. ನಿಮ್ಮ ಚಿಕ್ಕಪ್ಪನಿಗೆ ಆಗ ಮೂವತ್ತೊಂದು. ಕ್ಷಮಿಸಿ, ಇಪ್ಪತ್ತೊಂಬತ್ತು. ಊರಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ಹುಟ್ಟದ ಎಮ್ಮೆಯನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದಂತಾಯಿತು.

ಈಗ ಬಾಗಿಲು ತೆರೆದಿದೆಯಂತಲ್ಲ?

ತೆರೆದಿದೆ. ಮೊದಲು ಅರವತ್ತೈದಕ್ಕೆ ಕದ ಹಾಕುತ್ತಿದ್ದರು, 2024ರ ಏಪ್ರಿಲ್‌ನಿಂದ ಆ ಮಿತಿ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 48 ತಿಂಗಳು ಕಾಯಿಸುತ್ತಿದ್ದವರು ಈಗ 36ಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಪ್ರೀಮಿಯಂ ಮೇಲಿನ ಜಿಎಸ್‌ಟಿ ಶೇ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಸೊನ್ನೆ. ಮೆಚ್ಚಬೇಕಾದ್ದೇ. ಕದ ತೆಗೆದರು, ಹೊಸ್ತಿಲನ್ನು ಮಾತ್ರ ಎತ್ತರಿಸಿದರು. ಪ್ರೀಮಿಯಂ ಕೇಳಿ ನಿಮ್ಮ ಚಿಕ್ಕಪ್ಪ ‘ಇದು ವರ್ಷಕ್ಕಾ, ಜನ್ಮಕ್ಕಾ?’ ಅಂದರಲ್ಲ!

ಇರಲಿ. ನಾವು ಬಂದದ್ದು ಹೂಡಿಕೆಗೆ. ಒಳ್ಳೆಯ ಹೂಡಿಕೆ ಯಾವುದು, ನೀವೇ ಹೇಳಿ.

ಖಚಿತವಾಗಿ ಬೆಳೆಯುವಂಥದ್ದು ಬೇಕೇ? ಹಿರಿಯರ ಆರೋಗ್ಯ ವಿಮೆಯ ಪ್ರೀಮಿಯಂ.

ತಮಾಷೆ ಬೇಡ.

ತಮಾಷೆಯಲ್ಲ, ಮಗ್ಗಿ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದಲ್ಲಿ ಹಾಕಿದ ದುಡ್ಡು ದುಪ್ಪಟ್ಟಾಗಲು 115 ತಿಂಗಳು, ಅಂದರೆ ಒಂಬತ್ತೂವರೆ ವರ್ಷದ ಮೇಲೆ. ಇತ್ತ ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ತನ್ನನ್ನು ಕೇಳದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂದು ವಿಮಾ ಪ್ರಾಧಿಕಾರ 2025ರ ಜನವರಿಯಲ್ಲಿ ಕಡಿವಾಣ ಹಾಕಿತು. ಆ ಕಡಿವಾಣದ ಮಿತಿಯೊಳಗೇ ವರ್ಷ ವರ್ಷ ಏರಿಸಿದರೂ ಎಂಟನೇ ವರ್ಷಕ್ಕೆ ದುಪ್ಪಟ್ಟು ದಾಟುತ್ತದೆ. ಚಿಕ್ಕಪ್ಪನ ದುಡ್ಡಿಗಿಂತ ಚಿಕ್ಕಪ್ಪನ ವಯಸ್ಸೇ ವೇಗವಾಗಿ ಬೆಳೆಯುವ ಆಸ್ತಿ. ಆ ಆಸ್ತಿಯ ಪತ್ರ ಅವರ ಹೆಸರಿನಲ್ಲಿಲ್ಲ, ಅದೊಂದೇ ತೊಂದರೆ.

ಹಾಗಾದರೆ ಅವರು ದುಡ್ಡನ್ನು ತಲೆದಿಂಬಿನಡಿ ಇಡಬೇಕೇ?

ಅಂಚೆ ಕಚೇರಿ ಇದೆಯಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 8.2ಕ್ಕೆ, ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಪೂರ್ತಿ ಹಾಕಿದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಐದು ವರ್ಷದ ಖಾತೆ, ಬೇಕಾದರೆ ಮತ್ತೆ ಮೂರು ವರ್ಷ ಮುಂದುವರಿಸಬಹುದು. ಅದನ್ನು ಈ ಬ್ಯಾಂಕಿನಲ್ಲೂ ತೆರೆಯಬಹುದು. ಆ ಗಾಜಿನ ಕೋಣೆಯಲ್ಲಿ ಅದರ ಹೆಸರು ಎತ್ತಿದ್ದನ್ನು ಕೇಳಿದಿರಾ? ನಾನಂತೂ ಇನ್ನೂ ಕೇಳಿಲ್ಲ. ಆ ಕೋಣೆಯ ಕಾಫಿಗೆ ಬೇರೆ ಕಡೆಯಿಂದ ಸಕ್ಕರೆ ಬರಬೇಕು.

ಊರಿನ ಸೊಸೈಟಿಯಲ್ಲಿ ಇನ್ನೂ ಒಂದೆರಡು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ.

ಕೊಡುತ್ತಾರೆ. ಬೋರ್ಡಿನಲ್ಲಿ ದೇವರ ಹೆಸರು, ಗೋಡೆಯಲ್ಲಿ ದೇವರ ಪಟ, ಕೌಂಟರಿನಲ್ಲಿ ಗುರುತಿನವನ ಮಗ. ಮುದುಕರಿಗೆ ಇಷ್ಟು ಸಾಕು. ಪತ್ತಿನ ಸಹಕಾರ ಸಂಘಕ್ಕಾಗಲಿ ಸೌಹಾರ್ದಕ್ಕಾಗಲಿ ಠೇವಣಿ ವಿಮೆ ಇಲ್ಲ ಎಂಬುದನ್ನು ಆ ಹುಡುಗ ಹೇಳುವುದಿಲ್ಲ, ಇವರು ಕೇಳುವುದಿಲ್ಲ. ಸಹಕಾರಿ ಬ್ಯಾಂಕಿಗೆ ವಿಮೆ ಇದೆ, ಅದಕ್ಕೂ ಮಿತಿ ಇದೆ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬರು 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಾಗಿಲ ಮುಂದೆ ನಿಂತಿದ್ದವರಲ್ಲಿ ಬಿಳಿ ತಲೆಗಳೇ ಹೆಚ್ಚು. ಆಗ ಠೇವಣಿ ವಿಮೆ ಬರೀ 1 ಲಕ್ಷ. ಮರು ತಿಂಗಳು ಅದನ್ನು 5 ಲಕ್ಷ ಮಾಡಿದರು.

ಈ ಐದು ಲಕ್ಷದ ವಿಷಯ ಬಂದದ್ದು ಒಳ್ಳೆಯದಾಯಿತು. ನನಗೊಂದು ಚೋದ್ಯ ಇದೆ, ಬರೆದುಕೊಳ್ಳಿ. ಬ್ಯಾಂಕೊಂದು ಕಾಯಿಲೆ ಬಿದ್ದು ರಿಸರ್ವ್ ಬ್ಯಾಂಕ್ ಅದರ ವಹಿವಾಟು ತಡೆದರೆ, 2021ರ ತಿದ್ದುಪಡಿಯ ಪ್ರಕಾರ 90 ದಿನದೊಳಗೆ ಠೇವಣಿದಾರನಿಗೆ 5 ಲಕ್ಷದವರೆಗೆ ಹಣ ಸಿಗಬೇಕು. ಬ್ಯಾಂಕಿಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತೇ, ಅದರ ಅಪ್ಪನಿಗೆ ಹಾರ್ಟ್ ಇತ್ತೇ ಎಂದು ಯಾರೂ ಕೇಳುವುದಿಲ್ಲ. ಠೇವಣಿದಾರ ವಿಮೆಗೆ ದುಡ್ಡು ಕಟ್ಟುವಂತೆಯೂ ಇಲ್ಲ, ಬ್ಯಾಂಕೇ ಕಟ್ಟುತ್ತದೆ. ಬ್ಯಾಂಕಿನ ಬದಲು ಠೇವಣಿದಾರನೇ ಕಾಯಿಲೆ ಬಿದ್ದನೋ, ಪ್ರೀಮಿಯಂ ಅವನೇ ಕಟ್ಟಿ, ರಕ್ತ ಮೂತ್ರ ಕೊಟ್ಟು, ಹಳೆಯ ಕಾಯಿಲೆಗೆಂದು 36 ತಿಂಗಳವರೆಗೆ ಕಾಯಬೇಕಾಗಬಹುದು. ಈ ದೇಶದಲ್ಲಿ ಮುದುಕನ ದುಡ್ಡಾಗಿ ಹುಟ್ಟುವುದು ಲೇಸು ಕಣ್ರೀ, ಮುದುಕನಾಗುವುದಕ್ಕಿಂತ.

ಇಷ್ಟೆಲ್ಲ ಅನ್ಯಾಯಕ್ಕೆ ಮೂಲ ನೀವೇ ಅಲ್ಲವೇ? ನೀವು ಇಲ್ಲದಿದ್ದರೆ ವಯಸ್ಸೇ ಗೊತ್ತಾಗುತ್ತಿರಲಿಲ್ಲ.

ಎಲ್ಲರೂ ಇದನ್ನೇ ಹೇಳುತ್ತಾರೆ. ನನ್ನನ್ನು ಖಾಲಿ ಬಿಟ್ಟು ಹೋಗಿ ನೋಡಿ. ಬ್ಯಾಂಕು ಅರ್ಧ ಪರ್ಸೆಂಟ್ ಕಿತ್ತುಕೊಳ್ಳುತ್ತದೆ, ಎಪ್ಪತ್ತರ ಕಾರ್ಡೂ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ನನ್ನ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಕೂದಲು ನೋಡುತ್ತಾರೆ. ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ 2007ರಲ್ಲಿ ಬಂತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು, ಆದಷ್ಟೂ ಹಾಸಿಗೆ ಒದಗಿಸಬೇಕು ಎಂದು ಅದರಲ್ಲಿದೆ. ಬೇರೆ ಸಾಲು ಎಂಬುದನ್ನು ಕೆಲವರು ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದಾರೆ. ನಿಮ್ಮ ಚಿಕ್ಕಪ್ಪನಿಗೆ ಹೋದ ತಿಂಗಳು ತಲೆಸುತ್ತು ಬಂದಾಗ ಏನಂದರು?

‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಅಂದರು. ಆಮೇಲೆ ಇನ್ನೊಬ್ಬರು ನೋಡಿ, ಬಿಪಿ ಮಾತ್ರೆಯ ಡೋಸ್ ಜಾಸ್ತಿಯಾಗಿದೆ ಅಂತ ಇಳಿಸಿದರು. ನಿಂತುಹೋಯಿತು.

ಮೊದಲನೆಯವರು ಓದಿದ್ದು ನನ್ನನ್ನು. ಎರಡನೆಯವರು ಮಾತ್ರೆಯ ಚೀಟಿ ಓದಿದರು.

ಕೊನೆಯದಾಗಿ, ಹೂಡಿಕೆದಾರರಿಗೆ ಒಂದು ಮಾತು?

ಮಾತು ಬೇಡ, ಅವಧಿ ಹೇಳುತ್ತೇನೆ. ನನಗೆ ಗೊತ್ತಿರುವುದು ಅದೇ. ವಿಮಾ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡವೆಂದು ವಾಪಸ್ ಕೊಡಬಹುದು. ಮೊದಲು ಸಾಮಾನ್ಯವಾಗಿ 15 ಇತ್ತು, 2024ರಲ್ಲಿ ಹೆಚ್ಚಿಸಿದರು.

ನಾನು ಕೇಳಿದ್ದು ಹೂಡಿಕೆಯ ಬಗ್ಗೆ. ಪಾಲಿಸಿ ಎಲ್ಲಿಂದ ಬಂತು?

ಗಾಜಿನ ಕಡೆ ನೋಡಿ.

ನೋಡಿದೆ. ಚಿಕ್ಕಪ್ಪ ಎದ್ದು ಬರುತ್ತಿದ್ದರು. ಒಂದು ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು, ಇನ್ನೊಂದರಲ್ಲಿ ಬಣ್ಣದ ಫೋಲ್ಡರು. ಮ್ಯಾನೇಜರು ಬಾಗಿಲವರೆಗೂ ಬಂದು ಕೈ ಮುಗಿದರು. ಅಷ್ಟು ಹೊತ್ತಿಗೆ ಸರ್ವರ್ ಎದ್ದಿತ್ತು.

‘ಬಹಳ ಒಳ್ಳೇ ಮನುಷ್ಯ ಕಣೋ,’ ಅಂದರು ಚಿಕ್ಕಪ್ಪ. ‘ಎಫ್‌ಡಿ ಥರಾನೇ ಅಂತೆ. ಹತ್ತು ವರ್ಷ ಕಟ್ಟಿದ್ರೆ ಸಾಕಂತೆ, ಇಪ್ಪತ್ತನೇ ವರ್ಷ ಭಾರೀ ದುಡ್ಡು ಬರುತ್ತಂತೆ. ನನ್ನ ವಯಸ್ಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ ನೋಡು. ಸೈನ್ ಹಾಕಿಬಿಟ್ಟೆ.’

ನಾನು ಫಾರಂ ಕಡೆ ಬಗ್ಗಿ ಮೆಲ್ಲಗೆ ಕೇಳಿದೆ: ‘ಇವತ್ತು ತಾರೀಖು ಎಷ್ಟು?’

‘ನನ್ನನ್ನು ಕೇಳಿದರೆ?’ ಅಂದಿತು ಕಾಲಂ. ‘ನನಗೆ ಗೊತ್ತಿರುವುದು ಜೂನ್ ಒಂದು ಮಾತ್ರ.’