ಅಖಾಡದ ಅಂಚಿನಲ್ಲಿ ಕ್ಯಾಮೆರಾ: ಬಳಸುವ ಮುನ್ನ ಓದಿ

ಮಾನ್ಯ ಗ್ರಾಹಕರೇ, ಜಂಗಿ ಕುಸ್ತಿಯ ಫೋಟೊ ಹೊಡೆಯಲು ಮನಸ್ಸು ಮಾಡಿದ್ದಕ್ಕೆ ಅಭಿನಂದನೆ. ಈ ಕೈಪಿಡಿ ರಾಜೇಶ್ವರ, ಹುಮನಾಬಾದ್, ಬಸವಕಲ್ಯಾಣ ಸುತ್ತಿನ ಜಾತ್ರೆಗಳ ಅಖಾಡಕ್ಕೆ ಮಾತ್ರ ಅನ್ವಯ. ಹಿಮದ ಮೇಲೆ ಜಾರುವವರ, ಕಡಲಿನ ಅಲೆ ಏರುವವರ ಫೋಟೊ ಬೇಕಾದವರು ಬೇರೆ ಅಂಗಡಿ ನೋಡಿಕೊಳ್ಳಿ. ನಮ್ಮಲ್ಲಿ ಗಾಳಿಯಲ್ಲಿ ಹಾರುವವರು ಪೈಲ್ವಾನರಷ್ಟೇ, ಅದೂ ಸ್ವಂತ ಇಚ್ಛೆಯಿಂದಲ್ಲ.

1. ಪೆಟ್ಟಿಗೆಯಲ್ಲಿ ಇರಬೇಕಾದ್ದು

ಒಂದು ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು. 55-250 ಇಲ್ಲವೇ 70-300ರ ಒಂದು ಜೂಮ್ ಲೆನ್ಸ್. ಧೂಳು ಒರೆಸಲು ಒಂದು ದಸ್ತಿ, ಮುಚ್ಚಲು ಒಂದು ಪ್ಲಾಸ್ಟಿಕ್ ಚೀಲ. ಅಖಾಡದ ಪಕ್ಕ ಕೂತು ಲೆನ್ಸ್ ಬದಲಿಸಬೇಡಿ. ಪೈಲ್ವಾನರು ಹಿಡಿತ ಜಾರದಿರಲೆಂದು ಎದುರಾಳಿಯ ಮೈಗೆ ಎರಚುವ ಹಿಡಿ ಮಣ್ಣಿನಲ್ಲಿ ನಿಮ್ಮ ಸೆನ್ಸರ್‌ಗೂ ಒಂದು ಪಾಲು ಬರುತ್ತದೆ.

2. ಜೋಡಣೆ ಮತ್ತು ತಾಲೀಮು

ಜಾತ್ರೆಗೆ ಕಾಯಬೇಡಿ. ರಾಜೇಶ್ವರದವರಿಗೆ ತಾಲೀಮಿನ ಮನೆ ಊರ ಪಕ್ಕದಲ್ಲೇ ಇದೆ: ಪುಣೆ–ಹೈದರಾಬಾದ್ ಹೆದ್ದಾರಿ. ಮೊದಲು ಅದರ ನಂಬರು 9 ಆಗಿತ್ತು, ಈಗ 65. ರಸ್ತೆಯಿಂದ ಹತ್ತು ಮಾರು ದೂರ ನಿಂತು, ಹುಮನಾಬಾದ್ ಕಡೆಯಿಂದ ಬರುವ ಕೆಂಪು ಬಸ್ಸನ್ನು ಕ್ಯಾಮೆರಾದಲ್ಲಿ ಹಿಡಿದು, ಅದು ಸಾಗಿದಂತೆ ಸೊಂಟದಿಂದ ಮೇಲಕ್ಕೆ ಮೈ ತಿರುಗಿಸುತ್ತಾ 1/60 ಸೆಕೆಂಡಿನಲ್ಲಿ ಹೊಡೆಯಿರಿ. ಬಸ್ಸು ಸ್ಪಷ್ಟವಾಗಿ, ಹಿಂದಿನ ಬೇವಿನ ಮರ ಗೆರೆಗೆರೆಯಾಗಿ ಬಂದರೆ ಕೈ ಕೂತಿತು ಎನ್ನಬಹುದು. ಬೇವಿನ ಮರ ಸ್ಪಷ್ಟವಾಗಿ ಬಂದರೆ ಬಸ್ಸು ಹೆದ್ದಾರಿಯಲ್ಲಿ ಮುಂದಿರುವ ಸಸ್ತಾಪುರ ಬಂಗ್ಲಾ ಮುಟ್ಟಿರುತ್ತದೆ, ಮುಂದಿನದಕ್ಕೆ ಕಾಯಿರಿ.

ಫೋಕಸ್ಸನ್ನು ಒಮ್ಮೆ ಹಿಡಿದು ಸುಮ್ಮನಾಗುವ ಕ್ರಮದಿಂದ ಬಿಡದೆ ಬೆನ್ನಟ್ಟುವ ಕ್ರಮಕ್ಕೆ ತನ್ನಿ. ಕ್ಯಾನನ್‌ನಲ್ಲಿ ಅದಕ್ಕೆ ಸರ್ವೊ ಎನ್ನುತ್ತಾರೆ, ನಿಕಾನ್‌ನಲ್ಲಿ ಎಎಫ್-ಸಿ. ಫೋಕಸ್ ಬಿಂದು ನಡುವಿನದೊಂದೇ ಇರಲಿ. ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟರೆ ಅದು ಕುಸ್ತಿ ಬಿಟ್ಟು, ಹಿಂದೆ ಬಿಳಿ ಟೋಪಿ ಹಾಕಿಕೊಂಡು ಎಲೆ ಅಡಿಕೆ ಮೆಲ್ಲುತ್ತಿರುವ ಕಾಕಾನ ಮುಖವನ್ನೇ ಮೆಚ್ಚಿಕೊಳ್ಳುತ್ತದೆ.

3. ಕೂರುವ ಜಾಗ

ಸೂರ್ಯನಿಗೆ ಬೆನ್ನು ಮಾಡಿ ಕೂತುಕೊಳ್ಳಿ. ನಿಲ್ಲಬಾರದು. ನಿಂತರೆ ಹಿಂದಿನಿಂದ "ಏ ತಮ್ಮಾ, ಕೆಳಗ ಕೂಡು, ಕುಸ್ತಿ ಕಾಣವಲ್ದು" ಎಂಬ ಸೂಚನೆ ಬರುತ್ತದೆ. ಕೂಗಿಗೆ ಕೂರದಿದ್ದರೆ ಕಬ್ಬಿನ ಸಿಪ್ಪೆ ಬರುತ್ತದೆ. ಕೂತದ್ದರಿಂದ ಲಾಭವೂ ಉಂಟು: ನೆಲಮಟ್ಟದಿಂದ ಹೊಡೆದರೆ ಎತ್ತಿ ಒಗೆಯುವ ಪೈಲ್ವಾನ ಆಕಾಶಕ್ಕೆ ಅಂಟಿದಂತೆ ಕಾಣುತ್ತಾನೆ.

ಜಾಗ ಸರಿಯಿದ್ದೂ ಕುಸ್ತಿ ನಿಮ್ಮ ಕಡೆ ಬಾರದಿದ್ದರೆ? ಕಂಪನಿ ಜವಾಬ್ದಾರಿಯಲ್ಲ; ಪಳಗಿದವರಿಗೂ ಹೀಗಾಗಿದೆ. 1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲೇ ಸೋನಿ ಲಿಸ್ಟನ್‌ನನ್ನು ಕೆಡವಿದಾಗ ಪತ್ರಿಕೆಯೊಂದಕ್ಕೆ ಫೋಟೊ ಹೊಡೆಯುತ್ತಿದ್ದ 22ರ ಹುಡುಗ ನೀಲ್ ಲೈಫರ್ ರಿಂಗಿನ ಒಂದು ಬದಿಗಿದ್ದ. ಅದೇ ಪತ್ರಿಕೆಯ ಹಿರಿಯ ಛಾಯಾಗ್ರಾಹಕ ಹರ್ಬ್ ಶಾರ್ಫ್‌ಮನ್ ಎದುರು ಬದಿಗೆ. ಲೈಫರ್‌ನ ಚಿತ್ರ ಜಗತ್ತಿಗೆಲ್ಲ ಗೊತ್ತು. ಶಾರ್ಫ್‌ಮನ್ ಕೂಡ ಆ ಚಿತ್ರದಲ್ಲಿದ್ದಾನೆ, ಅಲಿಯ ಎರಡು ಕಾಲುಗಳ ನಡುವೆ.

4. ಬೆಳಕು (ಮುಖ್ಯ, ಎರಡು ಸಲ ಓದಿ)

ಜಾತ್ರೆ ಕುಸ್ತಿಯ ಕ್ರಮ ಫೋಟೊಗ್ರಾಫರನನ್ನು ಕಾಡಲೆಂದೇ ಮಾಡಿದಂತಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಶುರುವಾಗುವುದು ಕಾಯಿ ಕುಸ್ತಿ: ಗೆದ್ದ ಹುಡುಗನಿಗೆ ತೆಂಗಿನಕಾಯಿ. ಆಮೇಲೆ ಐವತ್ತು, ನೂರು, ಐನೂರು ರೂಪಾಯಿ ಎಂದು ಪಣ ಏರುತ್ತದೆ, ಸೂರ್ಯ ಇಳಿಯುತ್ತಾನೆ. ಬೆಳ್ಳಿ ಕಡಗದ ಕೊನೆಯ ಜೋಡಿ ಎದುರುಬದುರು ನಿಂತು ಕೈ ಮಿಲಾಯಿಸುವ ಹೊತ್ತಿಗೆ ಜನವರಿಯ ಸೂರ್ಯ, ಆರು ದಾಟುತ್ತಲೇ, ಮುಳುಗಿರುತ್ತಾನೆ. ಪಣ ಏರಿದಷ್ಟೂ ಬೆಳಕು ಇಳಿಯುತ್ತದೆ.

ಲೆಕ್ಕ ಹೀಗೆ. ಮೂರು ಗಂಟೆಯ ಬಿಸಿಲಲ್ಲಿ ಐಎಸ್ಒ 200, ಎಫ್/5.6 ಇಟ್ಟರೂ 1/1000 ಸೆಕೆಂಡ್ ಸಲೀಸಾಗಿ ಸಿಗುತ್ತದೆ. ಆ ವೇಗದಲ್ಲಿ ಧೋಬಿ ಪಛಾಡ್ ಪಟ್ಟಿನ ಮಧ್ಯೆ ಹಾರಿದ ಮಣ್ಣಿನ ಹೆಂಟೆ ಕೂಡ ಗಾಳಿಯಲ್ಲಿ ನಿಲ್ಲುತ್ತದೆ. ಸಂಜೆ ಅದೇ ಲೆನ್ಸಿನಲ್ಲಿ 1/500 ಬೇಕೆಂದರೆ ಐಎಸ್ಒ 1600ಕ್ಕೋ 3200ಕ್ಕೋ ಏರಿಸಬೇಕು, ಚಿತ್ರದ ಮೈಮೇಲೆ ರವೆ ಚೆಲ್ಲಿದಂತಾಗುತ್ತದೆ. ಎಫ್/2.8ರ ಲೆನ್ಸ್ ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಕುಡಿಯುತ್ತದೆ, ಆದರೆ ಅದರ ಬೆಲೆಗೆ ಒಂದು ಹಾಲಿನ ಎಮ್ಮೆ ಬರುತ್ತದೆ. ಮನೆಯಲ್ಲಿ ಯಾವುದರ ಅಗತ್ಯವಿದೆ ಎಂದು ವಿಚಾರಿಸಿಕೊಳ್ಳಿ. ಫ್ಲ್ಯಾಶ್ ಬೇಡ: ಕಣ್ಣಿಗೆ ಬೆಳಕು ಹೊಡೆದು ಪೈಲ್ವಾನ ಚಿತ್ ಆದರೆ ಅವನ ಉಸ್ತಾದ ನಿಮ್ಮನ್ನು ಚಿತ್ ಮಾಡುತ್ತಾನೆ.

ಆದ್ದರಿಂದ ಹೊಸಬರಿಗೆ ನಮ್ಮ ಶಿಫಾರಸು ಕಾಯಿ ಕುಸ್ತಿ. ಎಲ್ಲರೂ ಬೆಳ್ಳಿ ಕಡಗಕ್ಕೆ ಬ್ಯಾಟರಿ ಉಳಿಸಿಕೊಂಡು ಚಹಾ ಕುಡಿಯುತ್ತಿರುವಾಗ ನೀವು ಹೋಗಿ ಮುಂದೆ ಕೂತುಕೊಳ್ಳಿ. ದೊಡ್ಡ ಪೈಲ್ವಾನರು ಮುಖದಲ್ಲಿ ಏನೂ ತೋರಿಸುವುದಿಲ್ಲ, ಕತ್ತಿಗೆ ಕತ್ತು ಕೊಟ್ಟು ಹತ್ತು ನಿಮಿಷ ತಳ್ಳಾಡುತ್ತಾರೆ. ಎಂಟು ವರ್ಷದ ಹುಡುಗ ಹಾಗಲ್ಲ. ಲಂಗೋಟಿ ಸಡಿಲವಾಗುವ ಭಯ, ಅಪ್ಪ ನೋಡುತ್ತಿರುವ ಭಯ, ಎದುರಾಳಿ ತನ್ನದೇ ಕ್ಲಾಸಿನವನೆಂಬ ಸಿಟ್ಟು, ಎಲ್ಲ ಹಲ್ಲಲ್ಲೇ ಕಾಣುತ್ತದೆ. ಬೆನ್ನು ಮಣ್ಣಿಗೆ ತಾಗಿದ ಕ್ಷಣಕ್ಕೆ ನಿಲ್ಲಿಸಬೇಡಿ. ಗೆದ್ದವನು ಕಾಯಿಯನ್ನು ಕಿವಿಗೆ ಹಿಡಿದು ನೀರು ಎಷ್ಟಿದೆ ಎಂದು ಅಲುಗಾಡಿಸಿ ನೋಡುವುದು ಅದಾದ ಮೇಲೆ.

5. ದೋಷ ನಿವಾರಣೆ

ಎಲ್ಲ ಚಿತ್ರದಲ್ಲೂ ಬೆನ್ನೇ ಬಂದಿದೆ: ಗುಂಡಿ ಬೇಗ ಒತ್ತಿದ್ದೀರಿ. ಮುಖ ಮೇಲೆ ಬರುವವರೆಗೆ ತಡೆಯಿರಿ, ಬರುತ್ತದೆ.

ಗುಂಡಿ ಒತ್ತಿ ಹಿಡಿದು ಸಾವಿರ ಚಿತ್ರ ಬಂದಿವೆ: 1887ರಲ್ಲಿ ಮುಯ್‌ಬ್ರಿಜ್ ಎಂಬವನು ಕುಸ್ತಿ ಹಿಡಿಯುವವರೂ ಸೇರಿದಂತೆ ಮನುಷ್ಯರ, ಪ್ರಾಣಿಗಳ ಚಲನೆಯನ್ನು 781 ಫಲಕಗಳಲ್ಲಿ ಅಚ್ಚು ಹಾಕಿಸಿದ. ನೀವು ಒಂದೇ ಸಂಜೆಯಲ್ಲಿ ಅವನ ಫಲಕಗಳ ಎಣಿಕೆಯನ್ನು ಮೀರಿಸಿದ್ದೀರಿ. ಈಗ ಕೂತು ಅಳಿಸಿ.

"ಅಣ್ಣಾ, ನಂದೊಂದು ಹೊಡಿ" ಎಂದು ಹುಡುಗರು ಸುತ್ತುವರಿದಿದ್ದಾರೆ: ಹೊಡೆಯಿರಿ. ವಾಟ್ಸ್ಆ್ಯಪ್‌ಗೆ ಕಳಿಸುತ್ತೇನೆಂದು ಹೇಳಿದರೆ ಕಳಿಸಿ, ಮುಂದಿನ ವರ್ಷವೂ ಅದೇ ಜಾಗ ಬೇಕಲ್ಲ.

6. ವಾರಂಟಿ

ಒಳ್ಳೆಯ ಚಿತ್ರ ಬಂದರೆ ಜಾತ್ರೆ ಕಮಿಟಿಯವರು ಫ್ಲೆಕ್ಸಿಗೆ ಕೇಳುತ್ತಾರೆ. ಕೊಡಿ. ಮುಂದಿನ ಜನವರಿಯಲ್ಲಿ ಅದು ಬಸ್ ನಿಲ್ದಾಣದೆದುರು ಏಳುತ್ತದೆ: ಮೇಲೆ ಶುಭ ಕೋರುವ ಹದಿನಾರು ಮುಖಂಡರು, ನಡುವೆ ಕೈ ಮುಗಿದ ಒಬ್ಬ ಭಾವಿ ಸದಸ್ಯರು, ಕೆಳಗೆ ಎಡ ಮೂಲೆಯಲ್ಲಿ, ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರಿನ ಪಕ್ಕ, ನಿಮ್ಮ ಪೈಲ್ವಾನನ ಒಂದು ಕಾಲು.