ಡ್ರಿಲ್ಲಿಂಗ್ ಮಷೀನಿಗೆ ಬೆಳಕು ಎಲ್ಲಿಂದ ಬರಬೇಕು?

ಇನ್ನೊಂದು ಟ್ಯೂಬ್‌ಲೈಟ್ ತರಬೇಡಿ ಅಣ್ಣ, ದುಡ್ಡು ದಂಡ. ನಿಮ್ಮ ಶೆಡ್ಡಲ್ಲಿ ಬೆಳಕಿಗೇನೂ ಕೊರತೆ ಇಲ್ಲ, ಕಾಂಪೌಂಡಿನ ಈಚೆಗೇ ಕಾಣುತ್ತೆ. ಟ್ಯೂಬ್ ಇರೋದು ಸೂರಿನಲ್ಲಿ, ನಿಮಗೆ ಕಾಣಬೇಕಾದ್ದು ಚಕ್ಕಿನ ಕೆಳಗೆ. ಮಧ್ಯೆ ಮೋಟರು, ಬೆಲ್ಟಿನ ಡಬ್ಬ ಎಲ್ಲ ಅಡ್ಡ ಕೂತಿದೆ. ಅದರ ನೆರಳು ಸರಿಯಾಗಿ ಪಂಚ್ ಹೊಡೆದ ಜಾಗದ ಮೇಲೇ ಬೀಳುತ್ತೆ. ನೀವು ಬಗ್ಗಿದರೆ ನಿಮ್ಮ ತಲೆಯ ನೆರಳೂ ಸೇರಿಕೊಳ್ಳುತ್ತೆ.

ಚಕ್ಕಿನ ಎಡಕ್ಕೊಂದು ಬಲಕ್ಕೊಂದು, ಸ್ವಲ್ಪ ಓರೆಯಾಗಿ ಬೆಳಕು ಕೊಡಿ. ಒಂದೇ ಕಡೆಯಿಂದ ಕೊಟ್ಟರೆ ಬಿಟ್ಟಿನ ನೆರಳೇ ಗುರುತನ್ನು ಮುಚ್ಚುತ್ತೆ. ಓರೆ ಬೆಳಕಿನಲ್ಲಿ ಪಂಚಿನ ಗುಳಿ, ಸ್ಕ್ರೈಬರ್ ಎಳೆದ ಗೀಟು ಎದ್ದು ಕಾಣುತ್ತೆ. ಅಲ್ಯೂಮಿನಿಯಂ ಹೊಳೆದು ಕಣ್ಣು ಕುಕ್ಕಿದರೆ ದೀಪವನ್ನು ಒಂಚೂರು ತಿರುಗಿಸಿ, ಸಾಕು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ಹೇಳಲೇಬೇಕು. ನಿಮ್ಮದು ಚೋಕ್ ಇರೋ ಹಳೇ ಟ್ಯೂಬಲ್ವಾ? ನಮ್ಮ ಕರೆಂಟು 50 ಹರ್ಟ್ಸ್. ಆ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಚಕ್ಕಿಗೆ ಮೂರು ಜಾ. ನಿಮಿಷಕ್ಕೆ 2000 ಸುತ್ತಿನಲ್ಲಿ ಓಡುವಾಗ ಪ್ರತಿ ಮಿನುಗಿಗೂ ಸರಿಯಾಗಿ ಮೂರನೇ ಒಂದು ಸುತ್ತು. ಒಂದು ಜಾ ಇದ್ದ ಕಡೆಗೆ ಮುಂದಿನದು ಬಂದು ನಿಂತಿರುತ್ತೆ. ನೋಡೋರಿಗೆ ಚಕ್ಕು ನಿಂತಂತೆಯೇ ಕಾಣಬಹುದು! ಪಕ್ಕದಲ್ಲಿ ಗ್ರೈಂಡರ್ ಓಡ್ತಿದ್ದರೆ ಶಬ್ದದಲ್ಲೂ ಗೊತ್ತಾಗಲ್ಲ. ನಿಂತಿದೆ ಅಂತ ಚೂರು ತೆಗೆಯೋಕೆ ಕೈ ಹಾಕಿದರೆ ಏನು ಗತಿ, ಯೋಚನೆ ಮಾಡಿ. ಮೂರು ಫೇಸ್ ಇರೋ ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಕೊಡೋದು ಇದಕ್ಕೇ. ಹಳೇ ಮಷೀನುಗಳಿಗೆ 24 ವೋಲ್ಟಿನ ತಂತಿ ಬಲ್ಬು ಹಾಕ್ತಿದ್ದರಲ್ಲ, ಅದರಲ್ಲೂ ಒಂದು ಲಾಭ ಇತ್ತು: ಕಾದ ತಂತಿ ಅಷ್ಟು ಬೇಗ ಆರಲ್ಲ, ಬೆಳಕು ಹೆಚ್ಚೇನೂ ಮಿನುಗಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್ನೂ ಬೆಳಕಿನ ಮಾತೇ ಆಗಿತ್ತು. ಬೆಳಕು ಸಾಕಷ್ಟಿದ್ದರೆ ಮುಗೀಲಿಲ್ಲ, ಅಪಘಾತ ಆಗುವಂಥ ನೆರಳೂ ಇರಬಾರದು ಅಂತಿತ್ತು. ಮನೆ ಶೆಡ್ಡಿಗೆ ಆ ಕಾಯ್ದೆ ಬರ್ತಿರಲಿಲ್ಲ, ನಿಜ. ಬೆರಳು ಮಾತ್ರ ಎಲ್ಲಿದ್ದರೂ ಬೆರಳೇ.

ಖರ್ಚೂ ಜಾಸ್ತಿ ಇಲ್ಲ. 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಅದಕ್ಕೆ ಒಳ್ಳೇ ಡಿಸಿ ಅಡಾಪ್ಟರ್. ಬೆಳಕು ಮಿನುಗದೆ ಒಂದೇ ಸಮ ಬರುತ್ತೆ. ಎಣ್ಣೆ, ಕೂಲೆಂಟ್ ಹಾರೋ ಜಾಗ, ಆದ್ದರಿಂದ ಮೇಲೆ ಸಿಲಿಕೋನ್ ಹೊದಿಕೆ ಇರೋದನ್ನೇ ಕೇಳಿ. ಹಿಂದಿನ ಅಂಟನ್ನು ನಂಬಬೇಡಿ, ಎಣ್ಣೆ ತಾಗಿದರೆ ಬಿಟ್ಟು ಹೋಗುತ್ತೆ. ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿ, ಮಷೀನಿನ ತಲೆಯ ಅಡಿಗೆ ಸ್ಕ್ರೂ ಹಾಕಿ. ಬಾಗಿಸೋ ಕತ್ತಿನ ಮ್ಯಾಗ್ನೆಟ್ ಲ್ಯಾಂಪೂ ಆಗಬಹುದು, ಆದರೆ ಕಬ್ಬಿಣದ ಚೂರೆಲ್ಲ ಅದರ ಬುಡಕ್ಕೇ ಮೆತ್ತಿಕೊಳ್ಳುತ್ತೆ, ಆಗಾಗ ಒರೆಸಬೇಕು. ಕೈಯಿಂದ ಬೇಡ, ಬ್ರಷ್ಷಿನಿಂದ.

ವೈರು ಮಾತ್ರ ಕಂಬದ ಹಿಂದೆ ಕಟ್ಟಿ. ಹ್ಯಾಂಡಲ್ ತಿರುಗಿಸುವಾಗ ಸಿಕ್ಕಬಾರದು, ಬೆಲ್ಟಿನ ಹತ್ತಿರವಂತೂ ಸುಳಿಯಲೇಬಾರದು. ಪ್ಲಗ್ ಕಿತ್ತಿಡಿ, ಚಾನೆಲ್ ಕೊಯ್ಯೋಕೆ ನನ್ನ ಹ್ಯಾಕ್ಸಾ ತರ್ತೀನಿ.